ಬೈರೂತಿನ ಸವತಿಗೊಂದು ಎಲೆ

ವೇದ ಸುಳ್ಳಾದರೂ ಗಂಡ ಸುಳ್ಳಾಗನು— ಗಾದೆ ಹೀಗಿಲ್ಲ, ಗೊತ್ತು, ಆದರೆ ಈಳಿಗೆಯ ಅಲಗಿಗೆ ಎಲೆಕೋಸು ತಗುಲಿ ಕರಕ್ಕೆಂದಾಗ ಲಿಂಗಮ್ಮನ ತಲೆಯೊಳಗೆ ಎದ್ದದ್ದು ಹೀಗೇ, ಏಳಲಿ, ಗಾದೆ ಕಟ್ಟಿದವರೇನು ಕೂತು ಕೋಸು ಹೆಚ್ಚಿದ್ದರೇ, ಇದು ಮಾತ್ರ ನಡೆದ ಕಥೆ, ಒಂದೆಳೆಯೂ ಹೊಸೆದದ್ದಲ್ಲ, ಯುದ್ಧಕ್ಕೆ ಹೋದ ಗಂಡಂದಿರೆಲ್ಲ ಬರುವಾಗ ಟ್ರಂಕು ತಂದರು, ಕಂಬಳಿ ತಂದರು, ಇವಳ ಗಂಡ ಒಬ್ಬ ಸವತಿಯನ್ನು ತಂದ, ಅದೂ ಸತ್ತ ಸವತಿಯನ್ನು, ಬದುಕಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು, ಸತ್ತವಳಿಗೆ ಊಟ ಹಾಕಬೇಕು, ಅವಳು ಉಣ್ಣುವುದೋ ಹಸಿ ಕೋಸು— ಕೂದಲೆಳೆ ಹಾಗೆ ಹೆಚ್ಚು, ದಪ್ಪವಾದರೆ ಅವಳು ಮುಟ್ಟುವುದಿಲ್ಲ, ಹಾಗೆಂದು ಯಾರು ಹೇಳಿದರು, ಯಾರೂ ಇಲ್ಲ, ಕೈ ತಾನಾಗಿ ಹೇಳಿಕೊಂಡಿತು. ಒಲೆಯ ಮೇಲೆ ಮಾವನ ಎಡೆಗೆ ಮಾಂಸದ ಸಾರು ಕುದಿಯುತ್ತಿದೆ, ಪಿತೃಪಕ್ಷದ ಅಮಾವಾಸ್ಯೆ, ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಎಲೆಗೆ ಬಡಿಸಬೇಕು, ಮಾವನಿಗೆ ಮುದ್ದೆ, ಮಾಂಸ, ಒಂದು ಕಟ್ಟು ಬೀಡಿ, ಅಜ್ಜಿಗೆ ಕಡುಬು, ಎಲೆಅಡಿಕೆ, ಬೈರೂತಿನವಳಿಗೆ ಈ ಸೊಪ್ಪುಸದೆ, ಬೆಂಕಿಯನ್ನೇ ಕಾಣದ ಅಡುಗೆ, ಆ ದೇಶದಲ್ಲಿ ಸೌದೆ ಇಲ್ಲವೇನೋ, ಬೈರೂತ್ ಎಂದರೆ ಎಲ್ಲಿ, ಕೆಂಗೇರಿ ದಾಟಿದರೆ ಮೈಸೂರು, ಮೈಸೂರು ದಾಟಿ ಹೋದರೆ ಸಮುದ್ರವಂತೆ, ಸಮುದ್ರ ದಾಟಿದರೆ ಅವಳ ಮನೆಯಂತೆ, ಅಷ್ಟು ದೂರದಿಂದ ಒಂದು ಹಿಡಿ ಕೋಸಿಗಾಗಿ ನಡೆದು ಬರುತ್ತಾಳಲ್ಲ ವರ್ಷ ವರ್ಷವೂ, ಪುಣ್ಯಾತ್ಗಿತ್ತಿ, ಕಾಲು ನೋಯುವುದಿಲ್ಲವೇ ನಿನಗೆ.

ಉಳಿದರ್ಧ ಕೋಸು ಮಡಿಲಲ್ಲಿ ಉರುಳಿತು, ದುಂಡಗೆ, ತಣ್ಣಗೆ, ಎಳೆಯ ತಲೆಯ ಭಾರದಷ್ಟೇ ಭಾರ— ಬೇಡ, ಅತ್ತ ಹೋಗಬೇಡ, ಕೂಸು ಕೇಳಿದವಳಿಗೆ ಕೋಸು ಕೊಟ್ಟ ದೇವರು, ಒಂದು ಕೊಂಬು ತಪ್ಪಿದ ಅಷ್ಟೇ, ಎರಡು ಸಲ ತಪ್ಪಿದ, ಮೊದಲನೆಯದು ಹೆಸರಿಡುವ ಮೊದಲೇ, ಎರಡನೆಯದು ಹೆಸರಿಟ್ಟ ಮೇಲೆ, ಹೆಸರಿಟ್ಟ ಮೇಲೆ ಹೋಗುವುದು ಹೆಚ್ಚು ನೋವು, ಕರೆಯಲು ಬಾಯಿಗೆ ಅಭ್ಯಾಸವಾಗಿರುತ್ತದೆ. ಈಗ ಮತ್ತೆ ಹೊಟ್ಟೆಯಲ್ಲಿ ನಿಂತಿದೆ, ಮೂರು ತಿಂಗಳು, ಅತ್ತೆ ಅಕ್ಕಯ್ಯಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗಂಡನಿಗೂ ಇಲ್ಲ, ಅವಳ ಎಲೆ ಇಡುವತನಕ ಬಾಯಿ ಬಿಡಬೇಡ ಕಣೇ ಎಂದಿದ್ದಾಳೆ ಅತ್ತೆ, ಹಾಗಾಗಿ ಈ ಸಲ ಕೋಸು ಇನ್ನೂ ತೆಳ್ಳಗೆ, ಇನ್ನೂ ತೆಳ್ಳಗೆ, ಬೆರಳು ಹೋದರೂ ಹೋಗಲಿ. ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ಕುಟ್ಟಬೇಕು, ಬರೀ ಬೆಳ್ಳುಳ್ಳಿ ಕುಟ್ಟಾಣಿಯಿಂದ ಹಾರುತ್ತದೆ, ಉಪ್ಪು ಹಿಡಿದು ಕೂರಿಸುತ್ತದೆ, ಕುಟ್ಟು ಕುಟ್ಟು, ಪುದೀನ, ಕೊತ್ತಂಬರಿ, ಇನ್ನೊಂದು ಸೊಪ್ಪು ಅಲ್ಲಿಯದಂತೆ, ಇಲ್ಲಿ ಸಿಗುವುದಿಲ್ಲ, ಅದರ ಬದಲು ಸಬ್ಬಸಿಗೆ, ಸವತಿಯೇ, ಹೊಂದಿಕೋ, ನಾನು ಹೊಂದಿಕೊಂಡಿಲ್ಲವೇ. ಎಣ್ಣೆಯೂ ಅಲ್ಲಿಯದೇ ಆಗಬೇಕು, ಪೇಟೆಯ ಔಷಧದಂಗಡಿಯಲ್ಲಿ ಚಿಕ್ಕ ಸೀಸೆಯಲ್ಲಿ ಸಿಗುತ್ತದೆ, ಆಲಿವ್ ಎಣ್ಣೆ, ಕಿವಿನೋವಿಗಾ ತಾಯಿ ಎಂದು ಅಂಗಡಿಯವನು ಕೇಳಿದರೆ ಹೂಂ ಎನ್ನುತ್ತಾಳೆ, ಹೌದಪ್ಪ, ಕಿವಿಯಲ್ಲೇ ನೋವು, ಒಂದು ದನಿ ಕಿವಿಯೊಳಗೆ ಕೂತು ವರ್ಷಗಳಾದವು, ಏಳುವುದೇ ಇಲ್ಲ.

ಆ ದನಿ ಗಂಡನದೇ, ಅದೇ ತಮಾಷೆ. ಯುದ್ಧ ಮುಗಿಸಿ ಬಂದ ಹೊಸದರಲ್ಲಿ ಜಗಲಿಯ ತುಂಬ ಜನ, ಈ ನಮ್ಮ ಮಾರೇನಹಳ್ಳಿಯವರಷ್ಟೇ ಅಲ್ಲ, ಅತ್ತಿಗುಪ್ಪೆಯಿಂದಲೂ ಬರುತ್ತಿದ್ದರು, ಆತ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ಸೊಂಟ ಒಂದು ಕಡೆಗೆ ಒಲೆದು, ದನಿಯನ್ನು ದಾರದ ಹಾಗೆ ಸಣ್ಣಗೆ ಎಳೆದು, ತನಗೆ ಕೋಸು ಕಲಿಸಿದ ಆ ಬೈರೂತಿನವಳೇ ತಾನಾಗಿ, ಓ ಹಿಂದೀ, ಹಿಂದೂಸ್ಥಾನದವನೇ ಅಂತ ಅದರರ್ಥವಂತೆ, ಹಂಗಲ್ಲ ಕಣೋ, ಉಪ್ಪು ಹಾಕಿ ಮೆತ್ತಗೆ ಕಿವುಚು, ಹೆಂಗಸಿನ ಕೈ ಹಿಡಿದಂಗೆ ಹಿಡೀಬೇಕು ಕೋಸ್ನ— ಜನ ಬಿದ್ದು ಬಿದ್ದು ನಕ್ಕರು, ಬಾಗಿಲ ಸಂದಿಯಲ್ಲಿ ನಿಂತಿದ್ದ ಇವಳು ತನ್ನ ಕೈ ನೋಡಿಕೊಂಡಳು, ಅಷ್ಟು ಮೆತ್ತಗೆ ಇವಳ ಕೈಯನ್ನು ಆತ ಹಿಡಿದಿದ್ದು ಯಾವಾಗ, ಮದುವೆಯ ಹಸೆಯ ಮೇಲೆ, ಅದೂ ಪುರೋಹಿತ ಹಿಡಿಸಿದ್ದು. ಪಕ್ಕದ ಮನೆ ಬೋರಮ್ಮ ಕೇಳಿಯೇಬಿಟ್ಟಳು, ಆಮೇಲೆ ಏನಾದ್ಳಪ್ಪ ಅವಳು, ಆತ ಟವೆಲು ಕೆಳಗಿಳಿಸಿದ, ನಿಟ್ಟುಸಿರುಬಿಟ್ಟ, ಹೋದ್ಳು ಬೋರತ್ತೆ, ಬಾಂಬು ಬಿತ್ತು, ಎಂದ. ಅವಳು ಯಾರು ಎಂದು ಇವಳೇ ಕೇಳಬಹುದಿತ್ತು, ಎಷ್ಟು ವರ್ಷ, ಎಷ್ಟು ಬೆಳಗು, ಆತ ಮಿಲ್ಲಿನ ಗೇಟು ಕಾಯುವ ಪಾಳಿ ಮುಗಿಸಿ ಬಂದು ಉಣ್ಣುವಾಗ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತವಳು, ಕೇಳಬಹುದಿತ್ತು, ಆದರೆ ಗಂಡನ ಹೆಸರನ್ನೇ ಹೇಳದ ಬಾಯಿ ಗಂಡನ ಹೆಣ್ಣಿನ ಹೆಸರನ್ನು ಹೇಗೆ ಕೇಳೀತು.

ಎರಡನೆಯದೂ ಮಣ್ಣಿಗೆ ಹೋದಾಗ ಅತ್ತೆ ಕಣಿಯವಳನ್ನು ಕರೆಸಿದಳು, ಮೊರದಲ್ಲಿ ಅಕ್ಕಿ ಹರಡಿ ಅವಳು ರಾಗ ಎಳೆದಳು, ನೀರಿನಾಚೆ ಹೆಣ್ಣವ್ವಾ, ನಿನ್ನ ಬೆನ್ನಿಗೇ ನಿಂತವಳೆ, ಹಸ್ಕೊಂಡವಳೆ, ಅವಳ ಹೊಟ್ಟೆ ತುಂಬಿಸ್ದೆ ನಿನ್ನ ಹೊಟ್ಟೆ ನಿಲ್ಲಾಕಿಲ್ಲ. ಹಾಗಾದರೆ ಸವತಿ ಎಂದೇ ಲೆಕ್ಕ, ಸತ್ತ ಮೊದಲ ಹೆಂಡತಿಗೆ ಎರಡನೆಯವಳು ಏನೇನು ಮಾಡಬೇಕೋ ಅದೆಲ್ಲ ಆಗಬೇಕು, ಅಕ್ಕಸಾಲಿಗನ ಹತ್ತಿರ ಒಂದು ಸಣ್ಣ ಸವತಿ ತಾಳಿ ಮಾಡಿಸಿ ಇವಳ ತಾಳಿಯ ಪಕ್ಕದಲ್ಲೇ ಪೋಣಿಸಿದಳು ಅತ್ತೆ, ಗಂಡ ತಾಯಿಯನ್ನು ಕೇಳಿದಾಗ ಹರಕೆಯದು ಎಂದಳು, ಆತ ಹೂಂ ಎಂದ, ಗಂಡಸರಿಗೆ ಹರಕೆ ಎಂದರೆ ಸಾಕು, ಮುಂದೆ ಕೇಳುವುದಿಲ್ಲ. ಎಲೆ ಮಾತ್ರ ಮನೆಯೊಳಗೆ ಹಿರಿಯರ ಸಾಲಿನಲ್ಲಿ ಇಡುವಂತಿಲ್ಲ, ಜಾತಿ ಯಾವುದೋ, ದೇವರು ಯಾವುದೋ, ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಗಂಡಸರು ಬಾರದ ಕಡೆ. ಮೊದಲ ವರ್ಷ ಇವಳು ಎಲೆಯಿಟ್ಟು ಬೈದಳು, ಹಲ್ಕಟ್ಟೇ, ತಿನ್ನು, ನನ್ನ ಮಕ್ಕಳನ್ನು ತಿಂದವಳಿಗೆ ಇದು ಯಾವ ಲೆಕ್ಕ ಎಂದು, ಮುಂದಿನ ವರ್ಷಗಳಲ್ಲಿ ಬೈಗುಳ ತಾನಾಗಿ ಕಡಿಮೆಯಾಯಿತು, ಆಮೇಲಾಮೇಲೆ ಕಲ್ಲಿನ ಮೇಲೆ ಕೂತು ಅದೂ ಇದೂ ಹೇಳುವುದು, ಅತ್ತೆಯ ಮಂಡಿನೋವು, ಹೊಲದಲ್ಲಿ ಬಡಾವಣೆಯವರು ಕಲ್ಲು ನೆಟ್ಟು ಹೋದದ್ದು, ಆತ ನಿನ್ನ ಜೊತೆಯಾದರೂ ಮಾತಾಡುತ್ತಿದ್ದನೇನೇ ಅಕ್ಕ, ಅಕ್ಕ ಎಂದಿದ್ದು ಯಾವಾಗಿನಿಂದ, ನೆನಪಿಲ್ಲ, ಊರಿನಲ್ಲಿ ಯಾರ ಹತ್ತಿರವೂ ಹೇಳಲಾಗದ್ದನ್ನು ಹೇಳಲು ಇದ್ದವಳು ಅವಳೊಬ್ಬಳೇ. ನಿಂಬೆಹಣ್ಣು ಹಿಂಡು, ಬೀಜ ಬೀಳದ ಹಾಗೆ, ಕಿವುಚು, ಮೆತ್ತಗೆ, ಕೈ ಹಿಡಿದ ಹಾಗೆ, ನೋಡು ಅಕ್ಕ, ನೀನು ಹೇಳಿದ ಹಾಗೇ ಹಿಡಿದಿದ್ದೇನೆ, ಈ ಒಂದನ್ನು ನನಗೆ ಬಿಡು.

ಎಲೆ ಇಟ್ಟಾಯಿತು, ಕೈ ಮುಗಿದಾಯಿತು, ಒಳಗೆ ಹಿರಿಯರ ಕೋಣೆಯ ಬಾಗಿಲು ಮುಚ್ಚಿ ತೆರೆದಾಯಿತು, ಇನ್ನು ಬದುಕಿರುವವರ ಊಟ, ಗಂಡನ ಪಕ್ಕದ ಎಲೆಗೆ ಒಬ್ಬ ನೆಂಟ ಬಂದಿದ್ದಾನೆ, ನೆಂಟನಲ್ಲ, ಕೆಂಗೇರಿಯ ದೊಡ್ಡಹನುಮಯ್ಯ, ಯುದ್ಧದಲ್ಲಿ ಜೊತೆಗಿದ್ದವನಂತೆ, ಇಷ್ಟು ವರ್ಷದ ಮೇಲೆ ನಿನ್ನೆ ಮಾಗಡಿ ರಸ್ತೆಯಲ್ಲಿ ಎದುರಾದನಂತೆ, ಅಗಲ ಮೈ, ಅಗಲ ಬಾಯಿ, ಇವಳನ್ನು ಕಂಡೊಡನೆ ಎದ್ದು ನಿಂತು ಕೈಮುಗಿದ, ತಂಗೀ, ನಿಮ್ಮ ಹೆಸರು ಅಲ್ಲಿ ಕೇಳಿ ಕೇಳಿ ಸಾಕಾಗಿತ್ತು ನಮಗೆ, ಎಂದ, ತನ್ನ ಹೆಸರು ಸಮುದ್ರದಾಚೆ ಕೇಳಿಸಿತ್ತೇ, ಅವಳ ಮುಂದೆಯೂ ಹೇಳಿದ್ದನೇ, ಮುದ್ದೆ, ಸಾರು, ವಡೆ, ಕೊನೆಗೆ ಬೋಗುಣಿಯಲ್ಲಿ ಉಳಿದ ಕೋಸು, ಗಂಡನ ಎಲೆಗೆ ಒಂದು ಹಿಡಿ, ಆತನಿಗೆ ಇದು ತನಗಾಗಿ ಮಾಡಿದ್ದೆಂದೇ ಭಾವನೆ, ಇರಲಿ, ದೊಡ್ಡಹನುಮಯ್ಯನ ಎಲೆಗೆ ಒಂದು ಹಿಡಿ ಬಿದ್ದದ್ದೇ ತಡ ಆತ ಬಗ್ಗಿ ಮೂಸಿ ನೋಡಿ ಗಂಡನತ್ತ ತಲೆಯೆತ್ತಿದ, ಲೇ ಬೆಟ್ಟ, ಇದು ಗಡ್ಡದಜ್ಜನ ಸೊಪ್ಪಲ್ವೇನೋ. ಯಾವ ಅಜ್ಜ, ಇವಳ ಹುಬ್ಬು ಕೇಳಿತು. ಅದೇ ಕಣಮ್ಮ ತಂಗಿ, ಬೈರೂತಲ್ಲಿ ಜ್ವರ ಬಂದು ನಾವಿಬ್ಬರೂ ಮಿಲಿಟರಿ ಆಸ್ಪತ್ರೇಲಿ ಮಲಗಿದ್ವಲ್ಲ, ಅಲ್ಲಿಯ ಅಡುಗೆಯವನು, ಎದೆ ತನಕ ಗಡ್ಡ, ಒಂದು ಕಣ್ಣು ಮೆಳ್ಳೆ, ಹುಣಿಸೆಹಣ್ಣು ಕೊಟ್ಟರೆ ಈ ಕೋಸು ಕೊಡ್ತಿದ್ದ, ಇವನಿಗೆ ಕೈಹಿಡಿದು ಮಾಡಿಸ್ದೋನು ಅವನೇ. ಸೌಟು ಬೋಗುಣಿಯ ಅಂಚಿಗೆ ತಗುಲಿ ಠಣ್ ಎಂದಿತು, ಅಷ್ಟೇ, ಮತ್ತೆ ಇವಳ ಬಾಯಿಯೇ, ಇವಳದೇ, ಯಾರ ಅಪ್ಪಣೆಯೂ ಇಲ್ಲದೆ ಕೇಳಿಬಿಟ್ಟಿತು, ಹೆಂಗಸು ಯಾರೂ ಇರಲಿಲ್ವ ಅಣ್ಣ. ಹೆಂಗಸಾ, ಆಸ್ಪತ್ರೇಲಿ ಹೆಂಗಸು ಅಂದ್ರೆ ಬಿಳಿ ನರ್ಸಮ್ಮ ಒಬ್ಬರೇ ತಂಗಿ, ಅವರು ನಮಗೆ ಸೂಜಿ ಚುಚ್ಚೋರು, ಕೋಸು ಹೆಚ್ಚೋರಲ್ಲ.

ಗಂಡನಿಗೆ ಆಗಲೇ ನಗು ಉಕ್ಕಿ ಬರುತ್ತಿದೆ, ಅನ್ನದ ಕೈಯಲ್ಲೇ ತೊಡೆ ತಟ್ಟಿಕೊಳ್ಳುತ್ತಿದ್ದಾನೆ, ಅಲ್ಲ ಹನುಮ, ನೀನೇ ಹೇಳು, ಗಡ್ಡದ ಮುದುಕನ ಕಥೆ ಹೇಳಿದ್ರೆ ಜಗಲೀಲಿ ಒಂದು ನಾಯಿ ಕೂರ್ತಿತ್ತಾ, ಗಡ್ಡ ತೆಗೆದು ಜಡೆ ಇಟ್ಟೆ, ಅಷ್ಟೇ, ಮೂರೂರು ಜನ ಕೂತು ಕೇಳಿದ್ರು, ಆಮೇಲೆ ಏನಾದ್ಳು ಏನಾದ್ಳು ಅಂತ ಬೋರತ್ತೆ ಪ್ರಾಣ ತಿಂದ್ಲು, ಕಥೆ ಮುಗೀಬೇಕಲ್ಲ, ಬಾಂಬು ಹಾಕ್ದೆ— ಹೇಳುತ್ತಲೇ ಟವೆಲನ್ನು ತಲೆಗೆಳೆದುಕೊಂಡು ಆ ದಾರದಂಥ ದನಿ, ಓ ಹಿಂದೀ, ಕೆಂಗೇರಿಯವನು ಹೊಟ್ಟೆ ಹಿಡಿದುಕೊಂಡು ವಾಲಿದ, ಲೇ ಲಿಂಗಿ, ನೀನೂ ನಂಬಿದ್ಯೇನೇ, ಎಂದ ಗಂಡ, ಅದು ಆತ ಇವಳನ್ನು ಕೇಳಿದ ಮೊದಲ ಪ್ರಶ್ನೆ ಇರಬೇಕು, ಉತ್ತರ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ನಗು. ಬರಲಿ ಎಂದು ಬಿಟ್ಟಳು, ಬಂತು, ಗಂಡನದಕ್ಕಿಂತ ಜೋರು, ಕೆಂಗೇರಿಯವನದಕ್ಕಿಂತ ಜೋರು, ಸೆರಗು ಜಾರಿದರೂ, ಬೋಗುಣಿ ನೆಲಕ್ಕೆ ಬಿದ್ದರೂ, ಆಹಾ, ಸವತಿಗೆ ಗಡ್ಡವಂತೆ, ಮೆಳ್ಳೆಗಣ್ಣಂತೆ, ತಾಳಿ ಕಟ್ಟಿಸಿದೆವಲ್ಲೇ ಅತ್ತೆ ಗಡ್ಡಕ್ಕೆ, ಒಳಬಾಗಿಲಲ್ಲಿ ಅಕ್ಕಯ್ಯಮ್ಮ ನಗುತ್ತಿಲ್ಲ, ಅವಳ ಕಣ್ಣು ಸೊಸೆಯ ಕೊರಳಿನ ಮೇಲೆ, ಕಣಿಯವಳಿಗೆ ನೀರಿನಾಚೆಯವಳೆಂದು ಹೇಗೆ ತಿಳಿಯಿತು, ಅಕ್ಕಿ ಹರಡುವ ಮೊದಲೇ ಅತ್ತೆ ಕೇಳಿದ್ದಳಲ್ಲ, ಆ ಬೈರೂತಿನವಳದ್ದೇನಾದ್ರೂ ಕಾಟವಾ ನೋಡವ್ವ ಅಂತ, ಹಾಗಾದರೆ ಅವೆರಡು ಕೂಸೂ ಸುಮ್ಮನೆ ಹೋದವೇ, ಯಾರೂ ತಿನ್ನದೆ, ಯಾರ ಹಸಿವೂ ಇಲ್ಲದೆ, ಹಾಗಾದರೆ ಹೊಟ್ಟೆಯಲ್ಲಿರುವ ಇದನ್ನು ಬಿಟ್ಟುಬಿಡು ಎಂದು ಇನ್ನು ಯಾರ ಕಾಲಿಗೆ ಬೀಳಲಿ, ಹಿತ್ತಿಲಲ್ಲಿ ಕೂತು ಯಾರಿಗೆ ಹೇಳಲಿ, ಒಂದು ಟವೆಲು ಹೊದ್ದು ಬಂದಳು, ಟವೆಲು ತೆಗೆದರೆ ಹೋದಳು, ಅಕ್ಕ, ಅಯ್ಯೋ ಅಕ್ಕ, ನಗು, ಇನ್ನೂ ಜೋರಾಗಿ ನಗು, ನೋಡೋ ಬೆಟ್ಟ, ನಮಗಿಂತ ತಂಗಿಗೇ ಜಾಸ್ತಿ ನಗು ಎನ್ನುತ್ತಿದ್ದಾನೆ ಕೆಂಗೇರಿಯವನು, ಗಂಡ ಹೆಮ್ಮೆಯಿಂದ ಇವಳತ್ತ ತಿರುಗಿ ನಗುತ್ತಾನೆ, ಮುಂದಿನ ಹಲ್ಲಿಗೆ ಪುದೀನದ ಒಂದು ಎಲೆ ಅಂಟಿಕೊಂಡಿದೆ, ಹಸಿರು, ಅರ್ಧ ಹಲ್ಲನ್ನೇ ಮುಚ್ಚಿದೆ, ಹೆಂಡತಿಯಾದವಳು ಮೆಲ್ಲಗೆ ಸನ್ನೆ ಮಾಡಿ ಹೇಳಬೇಕು, ಆತ ಬಾಯಿ ಮುಚ್ಚಿದ, ಹೋಯಿತು, ಮತ್ತೆ ನಕ್ಕ, ಅಲ್ಲೇ ಇದೆ, ಹೇಳಬೇಕು, ಹೇಳುವುದಿಲ್ಲ, ನಗುತ್ತಾಳೆ, ಆತನೂ ನಗುತ್ತಾನೆ, ಬಾಯಿ ತೆರೆಯುತ್ತದೆ, ಹಲ್ಲು, ಹಲ್ಲಿನ ಮೇಲೆ ಆ ಹಸಿರು, ಮುಚ್ಚುತ್ತದೆ, ತೆರೆಯುತ್ತದೆ, ಆ ಹಸಿರು—