ಓಡುವ ನಾಯಿಗೆ ಸಿಳ್ಳೆ

ಎಂಬತ್ಮೂರರ ಆ ಚಳಿಗಾಲದಲ್ಲಿ ಮಲ್ಲಟದ ಗಡಿಗೆಪ್ಪನ ಹೆಣ್ಣು ಬೇಟೆನಾಯಿ ಚಿಗರಿಗೆ ಸೊಂಟ ಬಹಳ ಚೆಂದ ಇಳಿದಿತ್ತು. ಹಿಂಗಾರಿ ಜೋಳ ಕೊಯ್ದು ಹೊಲಗಳು ಬಯಲಾದರೆ ಮಾನ್ವಿ, ದೇವದುರ್ಗದ ಕಡೆಯವರು ಕೂಡಿ ಮೊಲದ ಬೇಟೆಗೆ ಹೋಗುವುದು ರೂಢಿ. ಬೇಟೆಗೆ ತಿಂಗಳೆರಡು ತಿಂಗಳು ಇರುವಾಗಲೇ ನಾಯಿಯ ಹೊಟ್ಟೆ ಕಟ್ಟುತ್ತಾರೆ. ಹೊತ್ತಿಗೆ ಅರ್ಧ ರೊಟ್ಟಿ, ಒಂದಿಷ್ಟು ನೀರುಮಜ್ಜಿಗೆ. ಪಕ್ಕೆಲುಬು ಎದ್ದು ಕಂಡರೆ ನಾಯಿ ತಯಾರಾಯಿತೆಂದು ಲೆಕ್ಕ. ಚಿಗರಿ ಆ ಅರ್ಧ ರೊಟ್ಟಿಯನ್ನೂ ಮೂಸಿ ಬಿಡತೊಡಗಿದಾಗ ಗಡಿಗೆಪ್ಪ ಹಿಗ್ಗಿದ.

“ನೋಡಿದೇನ? ತಾನಾ ಹೊಟ್ಟಿ ಕಟ್ಟಾಕತ್ತಾಳ. ಹೇಳಿಸಿಕೊಳ್ಳೂ ಜಾತಿ ಅಲ್ಲ ಈಕಿ,” ಎಂದ ಹೆಂಡತಿ ಗೋಪಮ್ಮನಿಗೆ.

ಬೇಟೆಗೆ ಜೊತೆಗಾರನಾದ ದೇವದುರ್ಗದ ಅಯ್ಯಣ್ಣ ಬಂದಾಗ ಎರಡೂ ಹಸ್ತ ಕೂಡಿಸಿ ಅದರ ಸೊಂಟ ಅಳೆದು ನೋಡಿದ. “ಏನ್ ತಯಾರ್ ಮಾಡಿಯೋ ಮಾರಾಯಾ! ನನ್ನ ಹೆಂಡ್ತಿನ್ನೂ ನಾಕು ದಿನ ಇಲ್ಲಿಗೆ ಕಳಸ್ತೀನಿ, ಹಿಂಗ ಇಳಿಸಿಕೊಡು.”

“ಮೊದ್ಲ ನಿಮ್ಮ ಹೊಟ್ಟಿ ಇಳಸೂನು ಬರ್ರಿ ಅಣ್ಣಾರ,” ಎಂದಳು ಒಳಗಿನಿಂದ ಗೋಪಮ್ಮ.

ಬೇಟೆಯ ದಿನ ಚಿಗರಿ ಅರ್ಧ ಹೊಲ ಓಡಿ ಕುಳಿತುಬಿಟ್ಟಿತು. ಮುಳ್ಳು ನೆಟ್ಟಿರಬೇಕೆಂದು ಗಡಿಗೆಪ್ಪ ಅದನ್ನು ಎತ್ತಿಕೊಳ್ಳಹೋದ. ದವಡೆಯ ಕೆಳಗೆ ಅವನ ಬೆರಳಿಗೆ ಗಂಟು ತಗುಲಿತು. ಲಿಂಬೆಹಣ್ಣಿನಷ್ಟು, ಎರಡೂ ಕಡೆ.

ರಾಯಚೂರಿನ ದನದ ಡಾಕ್ಟರು ವಿರೂಪಣ್ಣ ಕತ್ತು, ಭುಜ, ಹಿಂಗಾಲಿನ ಸಂದು ಎಲ್ಲ ಒತ್ತಿ ನೋಡಿದರು. “ಕ್ಯಾನ್ಸರ್ ಅದ ಗಡಿಗೆಪ್ಪ.”

“ನಾಯಿಗೂ ಬರ್ತದೇನ್ರಿ ಸಾಹೇಬ್ರ?”

“ಬರ್ತದ. ಕೂಳು ಬಿಟ್ಟು ಎಷ್ಟು ದಿನ ಆತು?”

ಎರಡು ತಿಂಗಳ ಮಾತನ್ನು ಮುಚ್ಚಿಟ್ಟು ಗಡಿಗೆಪ್ಪ ನಾಯಿಯ ಬೆನ್ನು ಸವರಿದ. ಡಾಕ್ಟರು ಅವನ ಮುಖ ನೋಡಿ ಮತ್ತೆ ಕೇಳಲಿಲ್ಲ.

“ವಾಸಿ ಆಗೂದಿಲ್ಲ. ಮಂದಿಗೆ ಕೊಡೂ ಔಷಧ ಒಂದು ಅದ, ಹೈದರಾಬಾದಿನಿಂದ ತರಸ್ಬೇಕು. ವಾರಕ್ಕೊಂದು ಸೂಜಿ. ಒಂದೀಟು ದಿನ ಸಿಗ್ತಾವ. ಆ ದಿನ ಆಕಿ ಖುಷೀಲೆ ಇರಬೇಕು, ತಿಳೀತಾ? ಕಟ್ಟಿ ಹಾಕಬ್ಯಾಡ. ತಂಪೊತ್ತಿನ್ಯಾಗ ಬಿಡು, ಓಡಲಿ. ಎಲ್ಲಿ ನಿಲ್ಬೇಕು ಅಂಬೂದು ಆಕಿಗೇ ಗೊತ್ತಾಗ್ತದ. ನೀ ನಿಲ್ಲಿಸಬ್ಯಾಡ.”

ಔಷಧ ತಂದವನು ಅಬ್ದುಲ್ ವಹೀದ್. ಮಾನ್ವಿಯ ಅಕ್ಕಿ ಗಿರಣಿಯಿಂದ ಹೈದರಾಬಾದಿಗೆ ಲಾರಿ ಹೊಡೆಯುವವನು. ಥರ್ಮಾಸಿನಲ್ಲಿ ಐಸ್ ತುಂಬಿ ಸೀಸೆ ಇಟ್ಟುಕೊಂಡು ಬಂದ. ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲವಾದ್ದರಿಂದ ಪ್ರತಿ ಮಂಗಳವಾರ ರಾಯಚೂರಿಗೂ ಅವನದೇ ಲಾರಿ. “ನನ್ನ ಬೇಟಿ, ನನ್ನ ಮಗಳು ಬಂದ್ಲಾ? ಕಿಡಕಿ ಸೀಟು ಆಕೀದು. ನೀ ಹಿಂದ ಮೂಟಿ ಮ್ಯಾಲ ಕೂಡೋ,” ಎನ್ನುತ್ತಿದ್ದ.

ನಾಯಿಯನ್ನು ಓಡಿಸುವುದು ಹೇಗೆಂದು ಗಡಿಗೆಪ್ಪನಿಗೆ ಹೊಳೆಯಲಿಲ್ಲ. ಅವನ ಅಪ್ಪನಾಗಲಿ ಅಜ್ಜನಾಗಲಿ ಬೇಟೆನಾಯಿಯ ಸಂಗಡ ಆಡಿದವರಲ್ಲ. ಕಟ್ಟಿದರೆ ಹಗ್ಗ, ಬಿಟ್ಟರೆ ಬೇಟೆ. ಕೊನೆಗೆ ಒಣಗಿದ ಮೊಲದ ತೊಗಲಿಗೆ ಹತ್ತಿ ತುಂಬಿ ಹುರಿಗೆ ಕಟ್ಟಿದ. ನಲವತ್ತೈದು ದಾಟಿದ ಗಂಡಸು ಬೆಳಗಾಗುತ್ತಲೇ ಧೋತರ ಮೇಲೆತ್ತಿ ಕಟ್ಟಿ, ಅದನ್ನೆಳೆದುಕೊಂಡು ಜೋಳ ಕೊಯ್ದ ಕೂಳೆ ಹೊಲದಲ್ಲಿ ಓಡಿದ. ಹೆಂಟೆ ಎಡವಿ ಬಿದ್ದ. ಚಿಗರಿ ಅವನನ್ನು ದಾಟಿ ಹೋಗಿ ತೊಗಲು ಕಚ್ಚಿತು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತು ನಕ್ಕರು.

“ಲಗ್ನಾಗಿ ಇಪ್ಪತ್ತು ವರ್ಷ ಆತು, ನನ್ನ ಸಲುವಾಗಿ ಒಂದಿನಾನೂ ಹಿಂಗ ಓಡ್ಲಿಲ್ಲ ಬಿಡ್ರಿ,” ಎಂದಳು ಗೋಪಮ್ಮ.

“ನಿನಗ ಬಾಲ ಎಲ್ಲದ ಅಳ್ಳಾಡಸಾಕ?”

ಮೂರನೆಯ ಸೂಜಿಗೆ ಗಂಟುಗಳು ಕರಗಿದವು. ಸೂಜಿ ಹಾಕಿಸಿದ ಮೇಲೆ ಎರಡು ದಿನ ವಾಂತಿ, ಮಂಕು. ಮೂರನೆಯ ಬೆಳಗ್ಗೆ ಮಾತ್ರ ಬಾಗಿಲ ಹತ್ತಿರ ನಿಂತು ಗೂಟದ ಮೇಲಿನ ಹುರಿಯನ್ನೇ ನೋಡುತ್ತಿತ್ತು. ಗೋಪಮ್ಮ ಹಾಲಿನಲ್ಲಿ ತತ್ತಿ ಒಡೆದು ಹಾಕುವಳು. ಅದು ಬಟ್ಟಲು ನೆಕ್ಕುವ ಸಪ್ಪಳ ಕೇಳುತ್ತ ಗಡಿಗೆಪ್ಪನಿಗೆ, ಡಾಕ್ಟರಿಗೂ ತಪ್ಪಬಹುದು ಅನ್ನಿಸತೊಡಗಿತು.

ಯುಗಾದಿ ಕಳೆದ ಮೇಲಿನ ಒಂದು ಬೆಳಗು. ಹತ್ತಿಕಟ್ಟಿಗೆಯ ಸಾಲಿನಿಂದ ಮೊಲವೊಂದು ಎದ್ದಿತು, ತೊಗಲಿನದಲ್ಲ, ಜೀವದ ಮೊಲ. ಚಿಗರಿ ಒಮ್ಮೆ ನಡುಗಿ ಬಿಟ್ಟ ಬಾಣವಾಯಿತು. ಬೆನ್ನು ಬಿಲ್ಲಿನಂತೆ ಬಾಗಿ, ಬಿಚ್ಚಿ, ಬಾಗಿ. ಕರಿಮಣ್ಣಿನ ಧೂಳು ಅದರ ಹಿಂದೆ ತಡವಾಗಿ ಏಳುತ್ತಿತ್ತು. ಗಡಿಗೆಪ್ಪ ಕೂಗಿದ, ರೋಗ ಮರೆತು ಕೂಗಿದ. ಆಗ ಓಟ ಬಡಗಣಕ್ಕೆ ಹೊರಳಿ, ಎಳೆಬಿಸಿಲು ನಾಯಿಯ ಮೈಮೇಲೆ ಅಡ್ಡ ಬಿದ್ದಿತು. ಒಂದೊಂದು ಎಲುಬೂ ಕಂಡಿತು. ಇದೇ ಎಲುಬುಗಳನ್ನು ನೋಡಿ ತಾನು ಹಿಗ್ಗಿದ್ದು ನೆನಪಾಯಿತು. ಮುಂದೆ ಕಲ್ಲು ತುಂಬಿದ ಹಳ್ಳ. ಅಲ್ಲೇ ಎದೆ ಒಡೆದು ಬೀಳುತ್ತದೆ, ಇದೂ ತನ್ನ ಕೈಯಿಂದಲೇ ಎಂದುಕೊಂಡ.

ಮೊಲದ ಹಿಂದೆ ಬಿದ್ದ ನಾಯಿಯನ್ನು ಯಾರೂ ಹಿಂದಕ್ಕೆ ಕರೆಯುವುದಿಲ್ಲ. ಹಾವು ಕಂಡರೂ ಕರೆಯುವುದಿಲ್ಲ. ಗಡಿಗೆಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ.

ನಾಯಿಗೂ ಮೊಲಕ್ಕೂ ನಡುವೆ ಒಂದು ಮಾರು ಉಳಿದಿತ್ತು. ಚಿಗರಿ ಮುಗ್ಗರಿಸಿತು, ಕತ್ತು ತಿರುಗಿಸಿತು. ಮೊಲ ಹಳ್ಳಕ್ಕಿಳಿದು ಹೋಯಿತು. ನಾಯಿ ತಿರುಗಿ ಬಂದಿತು. ಕಿವಿ ಜೋಲು ಬಿಟ್ಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಏನು ತಪ್ಪಾಯಿತೆಂದು ತಿಳಿಯದ ಹಾಗೆ ಬಂದು ಅವನ ಕಾಲ ಬಳಿ ಮಲಗಿತು.

“ಕರೆದಿದ್ದು ಛಲೋ ಆತು ಬಿಡ್ರಿ. ಜೀವ ಉಳೀತು,” ಎಂದಳು ಮನೆಯಲ್ಲಿ ಸಂಗತಿ ಕೇಳಿದ ಗೋಪಮ್ಮ. ಅವನು ಹುರಿಯನ್ನು ಗೂಟಕ್ಕೆ ಸಿಕ್ಕಿಸಿದ.

ಮರುದಿನ ತೊಗಲು ಎಳೆದರೆ ಚಿಗರಿ ಓಡಲಿಲ್ಲ. ಅವನ ಮುಖ ನೋಡಿತು. “ಹೋಗವ್ವಾ, ಹೋಗು,” ಎಂದ. ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿ ಅವನ ಮುಖವನ್ನೇ ನೋಡಿತು. ವಾರವಿಡೀ ಹೀಗೆಯೇ.

“ಗಂಟು ಇಲ್ಲ, ಜ್ವರ ಇಲ್ಲ. ಔಷಧ ಇನ್ನೂ ಹಿಡದದ,” ಎಂದರು ಮಂಗಳವಾರ ವಿರೂಪಣ್ಣ. “ಮತ್ಯಾಕ ಹಿಂಗ ಆಗ್ಯಾಳ?”

ಗಡಿಗೆಪ್ಪ ಸಿಳ್ಳೆಯ ಮಾತು ಹೇಳಿದ. ಹೊಟ್ಟೆ ಕಟ್ಟಿದ ಎರಡು ತಿಂಗಳನ್ನೂ ಅವತ್ತೇ ಹೇಳಿದ. ಡಾಕ್ಟರು ಕೈ ತೊಳೆದುಕೊಂಡರು. “ಅಂಜಿ ಮಾಡಿದಿ,” ಎಂದರು ಕಡೆಗೆ, “ಬಿಡು.” ಅಂದು ಲಾರಿಯಲ್ಲಿ ವಹೀದ್ ಕಿಟಕಿಯ ಗಾಜು ಪೂರಾ ಇಳಿಸಿಕೊಟ್ಟ. ಚಿಗರಿ ಕಿಟಕಿಗೆ ಮುಖ ಕೊಡದೆ ಗಡಿಗೆಪ್ಪನ ತೊಡೆಯ ಮೇಲೆ ಗದ್ದ ಊರಿತ್ತು.

ಒಂಬತ್ತನೆಯ ವಾರ ಗಂಟುಗಳು ಮತ್ತೆ ಎದ್ದವು. ಇನ್ನು ಸೂಜಿ ಹಾಕಿ ಸುಮ್ಮನೆ ನೋಯಿಸುವುದು ಬೇಡ ಎಂದರು ಡಾಕ್ಟರು.

ಅದಾದ ನಾಲ್ಕನೆಯ ದಿನ, ಬಿಸಿಲು ಏಳುವ ಮೊದಲೇ, ಗಡಿಗೆಪ್ಪ ನಾಯಿಯನ್ನು ಹೊಲಕ್ಕೆ ಕರೆದೊಯ್ದ. ಈಗ ಅದು ನಡೆಯುವುದೇ ನಿಂತು ನಿಂತು. ತೊಗಲು ತಂದಿರಲಿಲ್ಲ. ಕೊರಳ ಪಟ್ಟಿ ಬಿಚ್ಚಿದ. ಇಪ್ಪತ್ತು ಹೆಜ್ಜೆ ಆಚೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ಬದುವಿನ ಮೇಲೆ ಕುಳಿತ. ಮುಖ ಕಾಣದಿದ್ದರೆ ಅಪ್ಪಣೆ ಕೇಳಲಿಕ್ಕಿಲ್ಲ, ತನಗೆ ತಿಳಿದಂತೆ ನಾಲ್ಕು ಹೆಜ್ಜೆ ಓಡೀತು ಎಂದು. ಓಡಿದರೆ ಕೂಳೆ ಮುರಿಯುವ ಸಪ್ಪಳ ಕೇಳುತ್ತದೆ. ಉಸಿರು ಹಿಡಿದು ಕೇಳಿದ. ದೂರದಲ್ಲಿ ಟಿಟ್ಟಿಭ ಹಕ್ಕಿ ಕೂಗಿತು. ಗಾಳಿ ಒಂದಿಷ್ಟು ಬೀಸಿ ನಿಂತಿತು.

ಕೂಳೆ ಚಟ್ಟೆಂದಿತು. ಮತ್ತೊಮ್ಮೆ. ಹೆಜ್ಜೆಗಳು ನಿಧಾನವಾಗಿದ್ದವು, ಅವನ ಕಡೆಗೇ ಬರುತ್ತಿದ್ದವು. ಬದುವಿನ ಹತ್ತಿರ ಸ್ವಲ್ಪ ತಡೆದು, ಹತ್ತಿ, ಚಿಗರಿ ತನ್ನ ಭಾರವನ್ನೆಲ್ಲ ಅವನ ಬೆನ್ನಿಗೆ ಆನಿಸಿ ಕುಳಿತಿತು. ಗಡಿಗೆಪ್ಪ ತಿರುಗಲಿಲ್ಲ. ತಿರುಗಿದರೆ ಅದು ಮತ್ತೆ ಮುಖ ನೋಡುತ್ತದೆಂದು, ಬಿಸಿಲು ನೆತ್ತಿಗೇರುವ ತನಕ ಹಾಗೇ ಕುಳಿತಿದ್ದ.