ನೀಲಿ ಗೋಡೆಯ ಗಡಿಯಾರ

ವಾಷಿಂಗ್ ಮಷಿನ್ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ದಿನಕ್ಕೆ ನೂರು ಸಲ ಬರೆಯಬೇಕು. ಎಲ್ಲಿ ಕೂತು ಬರೆದರೇನು? ಎರಡು ವರ್ಷದಿಂದ ಅಕ್ಕನ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದಳು. ಈ ತುದಿಯಲ್ಲಿ ಸೀನಿದರೆ ಆ ತುದಿಯವರು ‘ನೆಗಡಿಯಾ?’ ಎನ್ನುವಷ್ಟು ಸಣ್ಣ ಊರು. ನಗರದಲ್ಲಿ ಎಂಟು ವರ್ಷ ಅವಳನ್ನು ಹಿಂಡಿದ ಉಬ್ಬಸ ಅಲ್ಲಿ ಹೇಳದೆ ಕೇಳದೆ ಹೊರಟುಹೋಗಿತ್ತು.

ಹಾಗಿರುವಾಗ ಮ್ಯಾನೇಜರನ ಆಜ್ಞೆ ಬಂತು. ಸೋಮವಾರದಿಂದ ಎಲ್ಲರೂ ಆಫೀಸಿಗೆ ಬರಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು.

“ಹೋಗು, ಹೋಗು. ಮತ್ತೆ ಎದೆ ಹಿಡ್ಕೊಂಡು ಬಾ,” ಅಂದಳು ಅಕ್ಕ, ಬ್ಯಾಗಿಗೆ ಇನ್‌ಹೇಲರ್ ತುರುಕುತ್ತ.

“ನಂಗೋಸ್ಕರ ಬೇರೆ ಕೆಲಸ ಯಾರು ಇಟ್ಕೊಂಡು ಕೂತಿದಾರಕ್ಕಾ?”

ನಗರದ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಯಾರೋ ಉಗುಳಿದ್ದು ಒಣಗಿ ಅಂಟಿತ್ತು. ಬಚ್ಚಲಿನ ತೂತಿನಲ್ಲಿ ಯಾರದ್ದೋ ಕೂದಲಿನ ಉಂಡೆ. ಥೂ! ಬೆಳಗಾಗುವಷ್ಟರಲ್ಲಿ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಬಸ್ಸಿನಲ್ಲಿ ಪಕ್ಕದವನ ಬೆವರು ತೋಳಿಗೆ ಮೆತ್ತಿಕೊಂಡಾಗ ಅವಳು ಕರ್ಚೀಫಿನಿಂದ ಉಜ್ಜಿ ಉಜ್ಜಿ ಒರೆಸಿಕೊಂಡಳು.

ಆಫೀಸಿನಲ್ಲಿ ಹನ್ನೊಂದು ಜನ ಒಂದೇ ಮೇಜಿನ ಸುತ್ತ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪಕ್ಕದವರ ಜೊತೆಗೂ ಪರದೆಯಲ್ಲೇ ಮಾತಾಡುತ್ತಿದ್ದರು. ಈ ಸೌಭಾಗ್ಯಕ್ಕಾಗಿ ಬಂದೆನೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಪರದೆಯಲ್ಲಿ ಮ್ಯಾನೇಜರ್ ಮೂಡಿದ. ಅವನ ಹಿಂದೆ ಆಫೀಸಿನ ನೀಲಿ ಗೋಡೆ, ಅದರ ಮೇಲೆ ಗಡಿಯಾರ. “ಒಂದೇ ಸೂರಿನಡಿ ಮುಖಾಮುಖಿ ಕೂತು ಕೆಲಸ ಮಾಡೋ ಸುಖಾನೇ ಬೇರೆ, ಅಲ್ವಾ?”

ಅವಳು ತಿರುಗಿ ನೋಡಿದಳು. ಆ ಗೋಡೆ ಅವಳ ಬೆನ್ನ ಹಿಂದೆಯೇ ಇತ್ತು. ಯಾವಾಗಲೋ ಬೂದಿ ಬಣ್ಣ ಬಳಿದಿದ್ದರು. ಗಡಿಯಾರವಿದ್ದ ಜಾಗದಲ್ಲಿ ಬರೀ ಮೊಳೆ. ಪರದೆಯ ಮೇಲಿನ ಹಳೇ ಫೋಟೋದ ಗಡಿಯಾರದಲ್ಲಿ ಮಾತ್ರ ಎರಡು ವರ್ಷದಿಂದಲೂ ಹತ್ತೂ ಹತ್ತು. ಅಷ್ಟರಲ್ಲಿ ಮ್ಯಾನೇಜರನ ಬೆನ್ನ ಹಿಂದೆ ಎಲ್ಲೋ ಹುಂಜವೊಂದು ಗಂಟಲು ಬಿಚ್ಚಿ ಕೂಗಿತು.

“ಸರ್, ನೀವು ಎಲ್ಲಿದೀರಿ?” ಕೇಳಿದಳು ಅವಳು.

“ಅದು... ಫೋನ್ ರಿಂಗಾಗಿದ್ದು.” ಹುಂಜ ಮತ್ತೊಮ್ಮೆ ಕೂಗಿತು. “ನೋಡಿ, ನನ್ನ ವಿಷಯ ಬೇರೆ. ನಂಗೆ ನಿಶ್ಶಬ್ದ ಬೇಕು, ಒಳ್ಳೆ ಗಾಳಿ ಬೇಕು.”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಹನ್ನೊಂದು ತಲೆಗಳೂ ತಗ್ಗಿದವು. ಅವನಿಗಿಂತ ಆ ತಗ್ಗಿದ ತಲೆಗಳ ಮೇಲೆಯೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ನಿನ್ನೆಯವರೆಗೆ ತನ್ನದೂ ಅವುಗಳಲ್ಲೊಂದಾಗಿತ್ತು.

ಅವಳು ಇನ್‌ಹೇಲರ್ ಎಳೆದುಕೊಂಡು, ರಾಜೀನಾಮೆಯನ್ನು ಒಂದೇ ಸಾಲಿನಲ್ಲಿ ಬರೆದು ಕಳಿಸಿದಳು. ಕೈಗೆ ಆ ಸಾಲು ಬಾಯಿಪಾಠವಾಗಿತ್ತು: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’