ಯಾವ ಪಟ್ಟಿಯ ಒಂಬತ್ತು

ವೇಟಿಂಗ್ ಲಿಸ್ಟಿನ ನಂಬರು ಹೇಳಿದರೆ ಸಾಕು, ಸೀಟು ಸಿಗುತ್ತದೋ ಇಲ್ಲವೋ ಎಂದು ನಾನು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ರಿಸರ್ವೇಶನ್ ಕೌಂಟರಿನಲ್ಲಿ ಹದಿನೈದು ವರ್ಷ, ವರ್ಗವಾಗಿ ಬಂದ ಮೇಲೆ ಸಿಯಾಲ್ದಾ ಸ್ಟೇಶನ್ನಿನಲ್ಲಿ ಏಳು ವರ್ಷ ಕೂತವನು ನಾನು. ಕೋಲ್ಕತ್ತಾದ ಕನ್ನಡಿಗರಲ್ಲಿ ಯಾರು ಊರಿಗೆ ಹೊರಟರೂ ಮೊದಲು ಫೋನು ಬರುವುದು ಈ ಓಂಕಾರಪ್ಪನಿಗೆ. ಯಾವ ಗಾಡಿ, ಯಾವ ತಾರೀಕು, ಯಾವ ಕೋಟಾ ಎಂದು ಮೂರೇ ಪ್ರಶ್ನೆ ಕೇಳುತ್ತೇನೆ. ಆಮೇಲೆ ‘ಕನ್ಫರ್ಮ್’ ಎನ್ನುತ್ತೇನೆ, ಇಲ್ಲವೇ ‘ಬೇರೆ ದಾರಿ ನೋಡಿಕೊಳ್ಳಿ’ ಎನ್ನುತ್ತೇನೆ. ಸೀಟು ಸಿಕ್ಕವರು ಊರಿಂದ ಬರುವಾಗ ಪೇಢೆ ತಂದುಕೊಟ್ಟು ಹೋಗುತ್ತಾರೆ. ‘ಬ್ರಹ್ಮ ಬರೆದದ್ದು ತಪ್ಪೀತು, ನೀವು ಅಂದದ್ದು ತಪ್ಪಂಗಿಲ್ಲ’ ಎಂದು ಹೆಂಡತಿ ವಂದನಾ ಚೇಷ್ಟೆ ಮಾಡುತ್ತಾಳೆ. ಮಾಡಲಿ. ನನಗೆ ಅದರ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಆ ಮಂಗಳವಾರ ಬೆಳಿಗ್ಗೆ ನಾನು ಅವಲಕ್ಕಿ ತಿನ್ನುತ್ತಿದ್ದಾಗ ಮಗಳು ಇಂಚರ ಎದುರಿಗೆ ಬಂದು ನಿಂತಳು. ಅವಳಿಗೆ ಸಂಖ್ಯಾಶಾಸ್ತ್ರ ಓದುವ ಹುಚ್ಚು. ಅದನ್ನು ಓದಬೇಕೆಂದರೆ ಈ ಊರಿನ ಆ ದೊಡ್ಡ ವಿಶ್ವವಿದ್ಯಾಲಯದಲ್ಲೇ ಓದಬೇಕು ಎಂಬುದು ಎರಡು ವರ್ಷದ ಹಟ. ಹಿಂದಿನ ರಾತ್ರಿ ಪಟ್ಟಿ ಬಂದಿತ್ತು. ಅವಳು ವೇಟಿಂಗ್ ಒಂಬತ್ತು. ಅದೇ ಹೊತ್ತಿಗೆ ಇನ್ನೊಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಾಧಾರಣ ಕಾಲೇಜು, ಆದರೆ ಖಾತ್ರಿ ಸೀಟು. ಅಂದೇ ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು. ಕೊಟ್ಟರೆ ದೊಡ್ಡ ಕಡೆಯ ವೇಟಿಂಗಿನಿಂದ ಹೆಸರು ಹೋಗುತ್ತದೆ. ಕೊಡದಿದ್ದರೆ ಈ ಸೀಟು ಬೇರೆಯವರ ಪಾಲು.

‘ಅಪ್ಪಾ, ನಂಬರ್ ನೈನ್. ಬರ್ತದಾ?’ ಎಂದಳು. ‘ಎಲ್ಲರಿಗೂ ಹೇಳ್ತೀರಿ. ನನಗೆ ಹೇಳಿ.’

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ‘ಒಂಬತ್ತಾ? ಅಷ್ಟು ದೊಡ್ಡ ಕ್ಲಾಸಿಗೆ ಒಂಬತ್ತು ಅಂದ್ರ ಏನೂ ಅಲ್ಲ. ಕಣ್ಣು ಮುಚ್ಚಿಕೊಂಡು ಕೂಡು. ಕನ್ಫರ್ಮ್!’

ಅವಳ ಮುಖ ಅರಳಿತು. ಆ ಖುಷಿ ನೋಡಿ ನಾನೂ ಉಬ್ಬಿದೆ. ಇನ್ನೊಂದು ಸೀಟನ್ನು ಬಿಟ್ಟುಬಿಡುವುದೆಂದು ಅಲ್ಲೇ ತೀರ್ಮಾನವಾಯಿತು. ವಂದನಾ ಮಾತ್ರ, ‘ಇರಲಿ, ದಕ್ಷಿಣೇಶ್ವರದ ಕಾಳಿ ತಾಯಿಗೊಂದು ಮಾತು ಹೇಳಿ ಬರ್ತೇವಿ. ಮಧ್ಯಾಹ್ನ ಗುಡಿ ಬಾಗಿಲು ತೆಗೆದ ಕೂಡಲೇ ಹೋಗತೇವಿ’ ಎಂದಳು.

ಮಧ್ಯಾಹ್ನ ಮೂರೂ ಕಾಲಿಗೆ ನನ್ನ ಕಿಟಕಿಗೆ ಒಬ್ಬ ತರುಣ ಬಂದ. ನಡುವಿನ ಯಾವುದೋ ಸಣ್ಣ ಸ್ಟೇಶನ್ನಿನಿಂದ ಅವನ ಟಿಕೆಟ್ಟು. ‘ಒಂಬತ್ತು ಇದೆ ದಾದಾ, ಆಗುತ್ತದಾ?’ ಎಂದು ಕೇಳಿದ. ‘ಯಾವ ಕೋಟಾ?’ ಎಂದೆ. ಟಿಕೆಟ್ಟು ನೋಡಿದರೆ ಸಣ್ಣ ಸ್ಟೇಶನ್ನುಗಳಿಗೆಲ್ಲ ಸೇರಿಸಿ ಇಡುವ ಪುಟ್ಟ ಕೋಟಾ. ಇಡೀ ಗಾಡಿಗೆ ಸಾವಿರ ಸೀಟಿರಲಿ, ಆ ಕೋಟಾದಲ್ಲಿ ಇರುವುದು ಬೆರಳೆಣಿಕೆಯಷ್ಟು. ‘ಆಗುವುದಿಲ್ಲ ಭಾಯಿ. ಒಂಬತ್ತು ಮುಖ್ಯವಲ್ಲ, ಯಾವ ಪಟ್ಟಿಯ ಒಂಬತ್ತು ಎನ್ನುವುದು ಮುಖ್ಯ’ ಎಂದು ಎಂದಿನಂತೆ ಪಾಠ ಹೇಳಿದೆ.

ಹೇಳಿ ಮುಗಿಸುವಷ್ಟರಲ್ಲಿ ಬೆಳಗಿನ ಮಾತು ನೆನಪಾಯಿತು. ದಾರಿಹೋಕರಿಗೆಲ್ಲ ಕೇಳುವ ಪ್ರಶ್ನೆಯನ್ನು ನನ್ನ ಮಗಳಿಗೆ ನಾನು ಕೇಳಿರಲಿಲ್ಲ.

ಅವಳು ರಾತ್ರಿಯೇ ನನ್ನ ಫೋನಿಗೆ ಪಟ್ಟಿ ಕಳಿಸಿದ್ದಳು. ನಾನು ತೆರೆದೇ ಇರಲಿಲ್ಲ. ಈಗ ತೆರೆದೆ. ರಾಜ್ಯದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಹತ್ತು ವರ್ಷ ಇಲ್ಲಿ ವಾಸವಿದ್ದವರಿಗೆ ಮಾತ್ರ ಅದು, ನಮಗೆ ಏಳೇ ವರ್ಷ. ಅವಳ ಹೆಸರು ಇದ್ದದ್ದು ಹೊರರಾಜ್ಯದವರ ಪಟ್ಟಿಯಲ್ಲಿ. ಒಟ್ಟು ಸೀಟು ನಾಲ್ಕು. ಅದಕ್ಕೆ ಒಂಬತ್ತನೇ ವೇಟಿಂಗ್. ಕೆಳಗೆ ಸಣ್ಣ ಅಕ್ಷರದಲ್ಲಿ, ಕಳೆದ ವರ್ಷ ಈ ಪಟ್ಟಿ ಎರಡನೆಯ ನಂಬರಿಗೇ ನಿಂತಿತ್ತು ಎಂದು ಬರೆದಿತ್ತು.

ಇಂಚರಳಿಗೆ ಫೋನು ಮಾಡಿದೆ, ಸ್ವಿಚ್ ಆಫ್. ವಂದನಾಳದೂ ಅಷ್ಟೇ. ಆಗ ನೆನಪಾಯಿತು, ದಕ್ಷಿಣೇಶ್ವರದ ಗುಡಿಯೊಳಗೆ ಫೋನು ಬಿಡುವುದಿಲ್ಲ, ಹೊರಗೆ ಕೊಟ್ಟು ಹೋಗಬೇಕು. ನಾನೇ ಒಪ್ಪಿಗೆ ಕೊಡೋಣವೆಂದರೆ ಒಟಿಪಿ ಬರುವುದು ಅವಳ ಫೋನಿಗೆ. ಗಂಟೆ ಮೂರೂವರೆ. ಪಕ್ಕದ ಕೌಂಟರಿನ ಬಿಸ್ವಾಸ್‌ಬಾಬುವಿಗೆ ಹೇಳಿ ಓಡಿದೆ. ಏನಾಯಿತೆಂದು ಅವನು ಕೂಗಿ ಕೇಳುತ್ತಿದ್ದ.

ಡಾನ್‌ಕುನಿ ಲೋಕಲ್ ಸಿಕ್ಕಿತು, ದಕ್ಷಿಣೇಶ್ವರದ ಮೇಲೇ ಹೋಗುವ ಗಾಡಿ, ಆದರೆ ದಮ್‌ದಮ್ ದಾಟಿ ಸುಮ್ಮನೆ ನಿಂತುಬಿಟ್ಟಿತು. ಬಾಗಿಲಲ್ಲಿ ನೇತಾಡುತ್ತ ಸಿಗ್ನಲ್ಲಿನ ಕೆಂಪು ದೀಪ ನೋಡುತ್ತಿದ್ದೆ. ಜೀವನವಿಡೀ ರೈಲಿನ ಅನ್ನ ತಿಂದವನು ಆ ಹೊತ್ತು ರೈಲಿಗೆ ಬಾಯಿಗೆ ಬಂದಂತೆ ಬೈದೆ. ನನಗೆ ಭಯವಾಗಿತ್ತು, ಬೆನ್ನಲ್ಲಿ ಬೆವರು ಇಳಿಯುವಂಥ ಭಯ. ಕರ್ನಾಟಕದಲ್ಲಿ ಹೈಸ್ಕೂಲು, ಪಿಯುಸಿ ಓದಿಲ್ಲವೆಂದು ಅಲ್ಲಿ ಅವಳಿಗೆ ಅರ್ಜಿಯನ್ನೇ ಹಾಕಿಸಿರಲಿಲ್ಲ. ಇಲ್ಲಿ ನೋಡಿದರೆ ಹೊರಗಿನವಳು. ಅತ್ತ ದರಿ ಇತ್ತ ಪುಲಿ ಎಂಬಲ್ಲಿ ಅವಳ ಕೈಯಲ್ಲಿದ್ದ ಒಂದೇ ಒಂದು ಸೀಟನ್ನು ನಾನು ಅವಲಕ್ಕಿ ಅಗಿಯುತ್ತಾ ಬಿಡಿಸಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಐದು ಹೊಡೆದರೆ ಅವಳ ಒಂದು ವರ್ಷ ಮಣ್ಣುಪಾಲು.

ಗುಡಿ ತಲುಪಿದಾಗ ನಾಲ್ಕೂ ಇಪ್ಪತ್ತೈದು. ಮಂಗಳವಾರದ ಜನ, ಸಾಲು ಅಂಗಳ ಸುತ್ತಿ ಗಂಗೆಯ ಕಡೆಗೆ ಹೋಗಿತ್ತು. ಸಾಲಿನ ಉದ್ದಕ್ಕೂ ‘ಇಂಚರಾ! ಇಂಚರಾ!’ ಎಂದು ಕೂಗುತ್ತ ಓಡಿದೆ. ಯಾರೋ ಮಗು ಕಳೆದುಕೊಂಡಿದ್ದಾನೆಂದು ಜನ ದಾರಿ ಬಿಟ್ಟರು. ಗರ್ಭಗುಡಿಯ ಮೆಟ್ಟಿಲ ಹತ್ತಿರ ತಾಯಿ ಮಗಳು ದಾಸವಾಳದ ಬುಟ್ಟಿ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿಯೇ ವಂದನಾ, ‘ಊರಿಂದ ಫೋನ್ ಬಂತೇನ್ರಿ? ಯಾರಿಗೇನಾತು?’ ಎಂದು ಅಳುವ ಹಾಗಾದಳು.

‘ಯಾರಿಗೂ ಏನೂ ಆಗಿಲ್ಲ. ನಾ ತಪ್ಪು ಹೇಳೇನಿ’ ಎಂದೆ. ಉಸಿರು ಹತ್ತುತ್ತಿತ್ತು. ‘ಇಂಚರಾ, ನಿನ್ನ ಪಟ್ಟಿಗೆ ನಾಲ್ಕೇ ಸೀಟು ಅದಾವು. ಒಂಬತ್ತು ಬರಂಗಿಲ್ಲ. ಆ ಇನ್ನೊಂದು ಸೀಟು ಹಿಡಕೋ, ಈಗಿಂದೀಗ!’

ಅವಳು ನನ್ನನ್ನೇ ನೋಡಿದಳು. ‘ನಾಲ್ಕು ಅಂತ ನನಗೆ ಗೊತ್ತಿತ್ತು ಅಪ್ಪಾ.’

‘ಗೊತ್ತಿತ್ತಾ? ಮತ್ತ ಬೆಳಿಗ್ಗೆ ಯಾಕ ಬಾಯಿ ಬಿಡಲಿಲ್ಲ?’

‘ನೀವು ಕನ್ಫರ್ಮ್ ಅಂದ್ರಿ. ನಾನು ಅಂದ್ಕೊಂಡೆ, ನನಗೆ ಗೊತ್ತಿಲ್ಲದ್ದು ನಿಮಗೆ ಏನೋ ಗೊತ್ತದೆ ಅಂತ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಟ್ಟಿಯಲ್ಲಿ ಬರೆದದ್ದನ್ನು ಬಿಟ್ಟು ಅವಳು ನನ್ನ ಮಾತು ನಂಬಿದ್ದಳು. ಅದನ್ನು ಯೋಚಿಸುತ್ತ ನಿಲ್ಲಲು ಹೊತ್ತಿರಲಿಲ್ಲ.

ಫೋನು ವಾಪಸು ಕೊಡುವ ಕಡೆ ಇನ್ನೊಂದು ಸಾಲು. ‘ದಾದಾ, ಬಹಳ ಅರ್ಜೆಂಟು’ ಎಂದು ಕೈ ಮುಗಿದು ಮುಂದೆ ನುಗ್ಗಿದೆ. ನನ್ನ ಕಿಟಕಿಯಲ್ಲಿ ಹಾಗೆ ನುಗ್ಗುವವರನ್ನು ನಾನು ಹಿಂದಕ್ಕೆ ಅಟ್ಟುತ್ತಿದ್ದವನು. ಫೋನು ಕೈಗೆ ಬಂದಾಗ ನಾಲ್ಕೂ ನಲವತ್ತೊಂಬತ್ತು. ಅದು ಚಾಲೂ ಆಗಲು ಒಂದು ನಿಮಿಷ. ಇಂಚರ ಪಾಸ್‌ವರ್ಡ್ ಒಮ್ಮೆ ತಪ್ಪು ಹಾಕಿದಳು. ಒಟಿಪಿ ಬರಲಿಲ್ಲ. ಮತ್ತೆ ಕೇಳಿದಳು, ಬರಲಿಲ್ಲ. ವಂದನಾ ಕಣ್ಣು ಮುಚ್ಚಿ ಗೊಣಗುತ್ತಿದ್ದಳು. ಯಾವ ದೇವರೂ ನನ್ನ ಬಾಯಿಗೆ ಬರಲಿಲ್ಲ. ಐವತ್ತೈದಕ್ಕೆ ಒಟಿಪಿ ಬಂತು.

ಅವಳ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು. ಎರಡು ವರ್ಷದ ಆಸೆಯನ್ನು ಅವಳೇ ಒತ್ತಿ ಮುಗಿಸಬೇಕಿತ್ತು. ಒತ್ತಿದಳು. ‘ಸೀಟು ಒಪ್ಪಿಕೊಂಡಿದ್ದೀರಿ. ವೇಟಿಂಗ್ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಮೆಲ್ಲಗೆ ಓದಿ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

ಮೂವರೂ ಘಾಟಿನ ಮೆಟ್ಟಿಲಲ್ಲಿ ಕೂತೆವು. ‘ತಪ್ಪಾತವ್ವಾ’ ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು:

‘ಅಪ್ಪಾ, ನೀವು ಕನ್ಫರ್ಮ್ ಅಂದು ಆಗದೇ ಇದ್ದವರು ಎಷ್ಟು ಜನ?’

‘ಇಲ್ಲೀತನಾ ಒಬ್ಬರೂ ಬಂದು ಹಂಗ ಹೇಳಿಲ್ಲ.’

‘ಸೀಟು ಸಿಗದವರು ಯಾಕೆ ಬಂದು ಹೇಳ್ತಾರೆ ಅಪ್ಪಾ?’

ಸಿಟ್ಟಿನಿಂದ ಕೇಳಿದ್ದಲ್ಲ. ಲೆಕ್ಕದ ಹುಡುಗಿ, ಲೆಕ್ಕಕ್ಕಾಗಿ ಕೇಳಿದಳು. ನನಗೆ ಮಾತ್ರ ಇಳಿಯುತ್ತಿದ್ದ ಭಯ ಮತ್ತೆ ಹತ್ತಿತು. ಕಳೆದ ಚಳಿಗಾಲದಲ್ಲಿ ಒಬ್ಬ ಹೆಂಗಸು ಬಂದಿದ್ದಳು. ಗಂಡನಿಗೆ ವೆಲ್ಲೂರಿನಲ್ಲಿ ಹೃದಯದ ಆಪರೇಷನ್ನು, ತಾರೀಕು ನಿಗದಿಯಾಗಿತ್ತು. ವೇಟಿಂಗ್ ಹದಿನಾಲ್ಕು, ಹದಿನೈದು. ಬೇರೆ ಗಾಡಿಗೂ ತೆಗೆಸಿಡಲೇ ಎಂದು ಎರಡೆರಡು ಸಲ ಕೇಳಿದಳು. ಬೇಡವೆಂದೆ, ಕನ್ಫರ್ಮ್ ಎಂದೆ, ನಿಶ್ಚಿಂತೆಯಿಂದ ಮನೆಗೆ ಹೋಗಿ ಎಂದೆ. ಕೈ ಮುಗಿದು ಹೋದಳು. ಮತ್ತೆ ಬರಲಿಲ್ಲ. ಬರಲಿಲ್ಲವಾದ್ದರಿಂದ ಸೀಟು ಸಿಕ್ಕಿತೆಂದೇ ನಾನು ತಿಳಿದುಕೊಂಡಿದ್ದೆ.